ರಾಮಕುಂಜದ ಹಾದಿಯಲ್ಲಿ ಒಂದು ಸ್ಮರಣೆಯ ನಡಿಗೆ

ದಕ್ಷಿಣ ಕನ್ನಡ ಜಿಲ್ಲೆಯ ಉಪ್ಪಿನಂಗಡಿಯಿಂದ ಕಡಬಕ್ಕೆ, ಅಲ್ಲಿಂದ ಮುಂದೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ರಾಮಕುಂಜವೆಂಬ ಗ್ರಾಮವಿದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕಡಬ ತಾಲ್ಲೂಕಿನಲ್ಲಿದೆ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಸ್ವಾಮಿಗಳು 1931ರಲ್ಲಿ ಜನಿಸಿದ್ದು ಇಲ್ಲಿಯೇ. ಏಳನೆಯ ವಯಸ್ಸಿನಲ್ಲಿ ಸಂನ್ಯಾಸ ಸ್ವೀಕರಿಸಿ, 2019ರ ಡಿಸೆಂಬರಿನಲ್ಲಿ ದೇಹ ಬಿಡುವವರೆಗೆ ನಾಡನ್ನೆಲ್ಲ ಸುತ್ತಿದ ಆ ಯತಿಗಳಿಂದಾಗಿ ರಾಮಕುಂಜದ ಹೆಸರನ್ನು ದೂರದವರೂ ಬಲ್ಲರು.

ನಮ್ಮ ಮನೆತನಕ್ಕೆ ಈ ಊರು ಹತ್ತಿರವಾದುದು ಬೇರೊಂದು ಕಾರಣದಿಂದ. ನಮ್ಮ ಚಿಕ್ಕಪ್ಪನವರು 1985ರಲ್ಲಿ ರಾಣೆಬೆನ್ನೂರು ಸೀಮೆಯ ಎರೆಹೊಲದ ಊರಿನಿಂದ ಒಂದು ಟ್ರಂಕು, ಹಾಸಿಗೆಯ ಸುರುಳಿ, ಒಂದು ಗಂಟು ಜೋಳದ ಹಿಟ್ಟು ಹೊತ್ತುಕೊಂಡು ಬಂದು, ರಾಮಕುಂಜದ ಆಸುಪಾಸಿನ ಸರಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕರಾಗಿ ಸೇರಿದರು. ಬಯಲುಸೀಮೆಯ ಎಷ್ಟೋ ಶಿಕ್ಷಕರಿಗೆ ಕರಾವಳಿಯೆಂದರೆ ವರ್ಗಾವಣೆಯ ಅರ್ಜಿ ಬರೆಯುತ್ತ ದಿನ ನೂಕುವ ಸ್ಥಳ. ಚಿಕ್ಕಪ್ಪನವರೂ ಮೊದಲ ಮಳೆಗಾಲದಲ್ಲಿ, ಬಟ್ಟೆ ಒಣಗದೆ, ರೊಟ್ಟಿ ಸಿಗದೆ, ಅಂಥದೊಂದು ಅರ್ಜಿ ಬರೆದಿದ್ದರಂತೆ. ಮರುವರ್ಷ ಬರೆಯಲಿಲ್ಲ. ತುಳು ಕಲಿತರು. ಕುಚ್ಚಲಕ್ಕಿಯ ಗಂಜಿಗೆ ಒಗ್ಗಿಕೊಂಡರು. ಹತ್ತೊಂಬತ್ತು ವರ್ಷ ಅಲ್ಲಿಯೇ ಉಳಿದು, ನಮ್ಮ ಅಜ್ಜನವರು ಹಾಸಿಗೆ ಹಿಡಿದಾಗ, 2004ರಲ್ಲಿ ಸ್ವಂತ ತಾಲ್ಲೂಕಿಗೆ ಮರಳಿದರು. ನಿವೃತ್ತರಾದದ್ದು 2016ರಲ್ಲಿ, ಲಿಂಗೈಕ್ಯರಾದದ್ದು 2021ರ ನವೆಂಬರಿನಲ್ಲಿ.

2024ರ ಫೆಬ್ರುವರಿಯ ಕೊನೆಯ ಭಾನುವಾರ ನಾವು ಹಿರಿಯರು ಕಿರಿಯರು ಸೇರಿ ಹದಿನೇಳು ಮಂದಿ ಉಪ್ಪಿನಂಗಡಿಯಿಂದ ರಾಮಕುಂಜಕ್ಕೆ ಕಾಲ್ನಡಿಗೆಯಲ್ಲಿ ಹೋದೆವು. ಅದು ಹರಕೆಯ ಯಾತ್ರೆಯಲ್ಲ. ಚಿಕ್ಕಪ್ಪನವರನ್ನು ಒಯ್ದ ಕಾಯಿಲೆಗೆ ಸಿಕ್ಕಿದ ಬೇರೆಯವರಿಗಾಗಿ ಹಣ ಕೂಡಿಸುವ ನಡಿಗೆ. ಆ ಕಾಯಿಲೆಯ ಬಗ್ಗೆ ಮೊದಲು ನಾಲ್ಕು ಮಾತು ಹೇಳದೆ ಹಾದಿಯ ಮಾತಿಗೆ ಬರುವಂತಿಲ್ಲ.

2018ರ ದೀಪಾವಳಿಯ ಹೊತ್ತಿಗೆ ಚಿಕ್ಕಪ್ಪನವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗತೊಡಗಿತು. ಬಲಗೈಯ ಹೆಬ್ಬೆರಳ ಬುಡದ ಮಾಂಸ ಇಳಿದುಹೋಯಿತು. ತೋಳಿನ ಚರ್ಮದಡಿ ಹುಳು ಹರಿದಾಡಿದಂತೆ ಸ್ನಾಯುಗಳು ಅದುರುತ್ತಿದ್ದವು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಕತ್ತಿನ ಎಲುಬು ಸವೆದಿದೆಯೆಂದು ಹೇಳಿ ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಕೈ ಸುಧಾರಿಸಲಿಲ್ಲ, ಎಡಗೈಯೂ ಅದೇ ಹಾದಿ ಹಿಡಿಯಿತು. ಕೊನೆಗೆ 2019ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುಗಳಿಗೆ ಸಣ್ಣ ಸೂಜಿ ಚುಚ್ಚಿ ನಡೆಸುವ ವಿದ್ಯುತ್ ಪರೀಕ್ಷೆಯಾದ ಮೇಲೆ ರೋಗದ ಹೆಸರು ತಿಳಿಯಿತು. ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎ.ಎಲ್.ಎಸ್.

ಮಿದುಳು ಮತ್ತು ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ನಶಿಸುವುದೇ ಈ ರೋಗ. ಆಜ್ಞೆ ತಲುಪದ ಸ್ನಾಯು ಸೊರಗುತ್ತದೆ. ಕೈ, ಕಾಲು, ನಾಲಗೆ, ನುಂಗುವ ಗಂಟಲು, ಕೊನೆಗೆ ಉಸಿರೆಳೆಯುವ ಸ್ನಾಯುಗಳು. ಸ್ಪರ್ಶ ಉಳಿದಿರುತ್ತದೆ, ಕಣ್ಣಿನ ಚಲನೆ ಬಹುಮಟ್ಟಿಗೆ ಉಳಿದಿರುತ್ತದೆ, ಹೆಚ್ಚಿನವರಲ್ಲಿ ಬುದ್ಧಿಯೂ ಮಂಕಾಗುವುದಿಲ್ಲ. ಫ್ರಾನ್ಸಿನ ವೈದ್ಯ ಶಾರ್ಕೋ ಇದನ್ನು ವಿವರಿಸಿದ್ದು 1869ರಲ್ಲಿ. ಅಮೆರಿಕದಲ್ಲಿ ಇದಕ್ಕೆ 1941ರಲ್ಲಿ ತೀರಿಕೊಂಡ ಬೇಸ್‌ಬಾಲ್ ಆಟಗಾರ ಲೂ ಗೆರಿಗ್‌ನ ಹೆಸರೇ ಅಂಟಿಕೊಂಡಿದೆ. ಹೆಚ್ಚಿನ ರೋಗಿಗಳು ಎರಡರಿಂದ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆ. 21ನೆಯ ವಯಸ್ಸಿಗೆ ರೋಗ ಪತ್ತೆಯಾಗಿ 76ರವರೆಗೆ ಬದುಕಿದ ವಿಜ್ಞಾನಿ ಸ್ಟೀಫನ್ ಹಾಕಿಂಗ್‌ರಂಥವರು ಅಪರೂಪ. 1995ರಲ್ಲಿ ಬಂದ ರಿಲುಜೋಲ್ ಎಂಬ ಗುಳಿಗೆ ಕೆಲವು ತಿಂಗಳ ಆಯುಷ್ಯ ಹೆಚ್ಚಿಸುತ್ತದೆ. ಆಮೇಲೆ ಇನ್ನೂ ಕೆಲವು ಔಷಧಿಗಳು ಬಂದಿವೆ. ರೋಗವನ್ನು ನಿಲ್ಲಿಸುವ ಮದ್ದು ಇನ್ನೂ ಬಂದಿಲ್ಲ.

ಮದ್ದಿಲ್ಲವೆಂದ ಮಾತ್ರಕ್ಕೆ ಮಾಡುವುದೇನೂ ಇಲ್ಲವೆಂದು ನಾವು ತಿಳಿದೆವು. ನಮ್ಮ ತಪ್ಪು ಅದು. ಯಾರೋ ಹೇಳಿದರೆಂದು ಎಣ್ಣೆ, ಲೇಹ್ಯ, ಬೇರುಗಳಿಗೆ ಹಣ ಸುರಿದೆವು. 2021ರ ಬೇಸಗೆಯಲ್ಲಿ ಚಿಕ್ಕಪ್ಪನವರಿಗೆ ರಾತ್ರಿ ಅಂಗಾತ ಮಲಗಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ತಲೆನೋವು, ಹಗಲೆಲ್ಲ ತೂಕಡಿಕೆ. ಚಿಂತೆಯಿಂದ ನಿದ್ರೆಗೆಟ್ಟಿದೆಯೆಂದುಕೊಂಡೆವು. ಕೊರೋನಾದ ಎರಡನೆಯ ಅಲೆಯ ಆ ದಿನಗಳಲ್ಲಿ ಆಮ್ಲಜನಕಕ್ಕೆ ಊರೆಲ್ಲ ಪರದಾಡುತ್ತಿತ್ತು. ನಾವೂ ಹೇಗೋ ಒಂದು ಸಿಲಿಂಡರು ಹೊಂದಿಸಿ ತಂದು, ದೊಡ್ಡ ಕೆಲಸ ಮಾಡಿದೆವೆಂದು ನೆಮ್ಮದಿಪಟ್ಟೆವು. ಕೆಲವು ವಾರಗಳ ಅನಂತರ ನೋಡಿದ ವೈದ್ಯರೊಬ್ಬರು ತಾಳ್ಮೆಯಿಂದ ತಿಳಿಸಿ ಹೇಳಿದರು: ಇಲ್ಲಿ ಕೊರತೆ ಆಮ್ಲಜನಕದ್ದಲ್ಲ, ಗಾಳಿಯನ್ನು ಒಳಗೆಳೆದು ಹೊರಗೆ ತಳ್ಳುವ ಶಕ್ತಿಯದು. ಕೆಟ್ಟ ಗಾಳಿ ಒಳಗೇ ಉಳಿಯುವುದರಿಂದಲೇ ಆ ತಲೆನೋವು. ಇಂಥವರಿಗೆ ಬರಿಯ ಆಮ್ಲಜನಕ ಕೊಟ್ಟರೆ ಕೆಲವೊಮ್ಮೆ ಹಾನಿಯೂ ಉಂಟು. ಬೇಕಾದುದು ಮುಖವಾಡದ ಮೂಲಕ ಉಸಿರಿಗೆ ಒತ್ತಾಸೆ ಕೊಡುವ ಬೈಪ್ಯಾಪ್ ಎಂಬ ಯಂತ್ರ. ಅದನ್ನು ತಂದ ಮೊದಲ ರಾತ್ರಿ ಚಿಕ್ಕಪ್ಪನವರು ಐದು ತಾಸು ಒಂದೇ ಸಮನೆ ನಿದ್ರಿಸಿದರು. ಚಿಗವ್ವ ಮಾತ್ರ, ಇಷ್ಟು ಶಾಂತವಾಗಿ ಮಲಗಿದ್ದಾರಲ್ಲ ಎಂದು ಗಾಬರಿಯಿಂದ ರಾತ್ರಿಯಿಡೀ ಎದ್ದು ಕುಳಿತಿದ್ದರು. ವರ್ಷ ಮೊದಲೇ ತರಬಹುದಾಗಿದ್ದ ಯಂತ್ರ ಕೊನೆಯ ನಾಲ್ಕು ತಿಂಗಳಿಗೆ ಬಂತು.

ಆ ಹೊತ್ತಿಗೆ ಮಾತು ನಿಂತುಹೋಗಿತ್ತು. ಕೈಗಳಂತೂ ಎಂದೋ ಸೋತಿದ್ದವು. ಬೆಳಗಿನ ಪೂಜೆಯ ಹೊತ್ತಿಗೆ ಚಿಗವ್ವ ಅವರ ಇಷ್ಟಲಿಂಗವನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಅವರ ಕಣ್ಣಿನ ಎದುರಿಗೆ ಹಿಡಿದು ಕೂರುತ್ತಿದ್ದರು. ಕೈ ನಡುಗಬಾರದೆಂದು ಮೊಣಕೈಗೆ ದಿಂಬಿನ ಆಸರೆ.

ಚಿಕ್ಕಪ್ಪನವರ ಹಿರಿಯ ಮಗಳು ಒಂದು ರಟ್ಟಿನ ಮೇಲೆ ವರ್ಣಮಾಲೆ ಬರೆದಿದ್ದಳು. ಸ್ವರಗಳದೊಂದು ಸಾಲು, ಕ ವರ್ಗದ್ದೊಂದು, ಚ ವರ್ಗದ್ದೊಂದು, ಹೀಗೆ ಹಳ ಎಂಬಲ್ಲಿಯವರೆಗೆ. ಕೇಳುವವರು ಒಂದೊಂದೇ ಸಾಲು ಮುಟ್ಟುತ್ತ ಬರಬೇಕು. ಬೇಕಾದ ಸಾಲು ಬಂದಾಗ ಅವರು ಕಣ್ಣು ಮುಚ್ಚಿ ತೆರೆಯುವರು. ಮತ್ತೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಬೇಕು. ನಮ್ಮ ಹಿರಿಯರು ಅಕ್ಷರಗಳನ್ನು ವರ್ಗಗಳಾಗಿ ಜೋಡಿಸಿಟ್ಟದ್ದು ಎಂಥ ಉಪಕಾರವೆಂದು ಆ ದಿನಗಳಲ್ಲಿ ತಿಳಿಯಿತು. ಒಂದೇ ತೊಡಕೆಂದರೆ ಗುಣಿತಾಕ್ಷರ, ಒತ್ತಕ್ಷರಗಳಿಗೆ ದಾರಿಯಿಲ್ಲ. ಬರಿಯ ವ್ಯಂಜನಗಳನ್ನು ಕೂಡಿಸಿಕೊಂಡು ಅರ್ಥ ಊಹಿಸಬೇಕು. ನ ರ ಎಂದರೆ ನೀರು. ಬ ಸ ಲ ಎಂದರೆ ಬಿಸಿಲು, ಕಿಟಕಿಯ ಪರದೆ ಎಳೆಯಿರಿ. ಜೀವನವಿಡೀ ಮಕ್ಕಳಿಗೆ ಕಾಗುಣಿತ ತಿದ್ದಿದವರು ಕಾಗುಣಿತವಿಲ್ಲದೆ ಮಾತಾಡಬೇಕಾಯಿತು. ನಾವು ತಪ್ಪು ಓದಿದರೆ ಕಣ್ಣಲ್ಲೇ ಸಿಟ್ಟು ತೋರಿಸುತ್ತಿದ್ದರು. ಮೇಷ್ಟ್ರ ಸಿಟ್ಟು ಅದು, ನಮಗೆಲ್ಲ ಪರಿಚಿತ.

ನವೆಂಬರಿನ ಒಂದು ರಾತ್ರಿ ಅವರು ಐದು ಅಕ್ಷರ ಹೇಳಿದರು: ಯ ತ ರ, ಸ್ವಲ್ಪ ತಡೆದು, ಕ ಡ. ಅಷ್ಟಕ್ಕೆ ಆಯಾಸವಾಗಿ ಕಣ್ಣು ಮುಚ್ಚಿಕೊಂಡರು. ಬೆಳಿಗ್ಗೆ ಕೇಳೋಣವೆಂದುಕೊಂಡೆವು. ಬೆಳಿಗ್ಗೆ ಜ್ವರ ಏರಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಮೂರನೆಯ ದಿನ ಹೊರಟುಹೋದರು.

ಆ ಐದು ಅಕ್ಷರಗಳನ್ನು ಮಗಳು ಓದಿದ್ದು ‘ಯಂತ್ರ ಕೊಡಿ’ ಎಂದು. ತಮ್ಮ ತರುವಾಯ ಆ ಉಸಿರಿನ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳದೆ ಅಗತ್ಯವಿದ್ದವರಿಗೆ ಕೊಡಿರೆಂಬುದು ಅವರ ಇಚ್ಛೆಯೆಂದು ಅವಳ ವಾದ. ಚಿಗವ್ವ ಅದನ್ನು ಒಪ್ಪಲಿಲ್ಲ. ‘ಯಾತ್ರೆ, ಕಡಬ ಅಂದಾರ. ಬ ಅನ್ನೂಷ್ಟರಾಗ ದಣಿದ್ರು. ಮತ್ತೊಮ್ಮೆ ಆ ಊರಿಗೆ ಕರಕೊಂಡು ಹೋಗ್ರಿ ಅಂತ ಭಾಳ ದಿನದಿಂದ ಅವರ ಮನಸ್ಸಿನಾಗ ಇತ್ತು’ ಎಂದು ಅವರ ಹಟ. ಎರಡು ವರ್ಷ ಈ ಮಾತು ಮನೆಯಲ್ಲಿ ಆಗಾಗ ಎದ್ದು, ಇತ್ಯರ್ಥವಾಗದೆ ಕೂರುತ್ತಿತ್ತು.

ದಾರಿ ತೋರಿಸಿದ್ದು ಅಮೆರಿಕದಲ್ಲಿರುವ ನಮ್ಮ ಮನೆಯ ಹೆಣ್ಣುಮಗಳು. ಅಲ್ಲಿಯ ಎ.ಎಲ್.ಎಸ್. ಸಂಘವು ಊರೂರುಗಳಲ್ಲಿ ನಡಿಗೆಗಳನ್ನು ಏರ್ಪಡಿಸುತ್ತದೆ. ಒಂದೊಂದು ಕುಟುಂಬವೂ ತಮ್ಮವರ ಹೆಸರಿನಲ್ಲಿ ಒಂದೊಂದು ತಂಡ ಕಟ್ಟಿಕೊಂಡು ನಡೆಯುತ್ತದೆ, ಬಂಧುಮಿತ್ರರು ಹಣ ಕೊಡುತ್ತಾರೆ. 2014ರಲ್ಲಿ ತಲೆಯ ಮೇಲೆ ಬಕೆಟ್ಟುಗಟ್ಟಲೆ ಮಂಜುಗಡ್ಡೆಯ ನೀರು ಸುರಿದುಕೊಳ್ಳುವ ಸವಾಲು ಜಗತ್ತೆಲ್ಲ ಹಬ್ಬಿದ್ದು ಓದುಗರಿಗೆ ನೆನಪಿರಬಹುದು. ಆ ಸಂಘವೊಂದಕ್ಕೇ ಅದರಿಂದ ಹನ್ನೊಂದೂವರೆ ಕೋಟಿ ಡಾಲರು ಕೂಡಿತು, ರೋಗಕ್ಕೆ ಸಂಬಂಧಿಸಿದ ಹೊಸ ವಂಶವಾಹಿಯ ಶೋಧಕ್ಕೂ ಆ ಹಣ ನೆರವಾಯಿತು. ಬೇಸಗೆಯಲ್ಲಿ ಕೊಡ ನೀರಿಗೆ ಸರದಿ ನಿಲ್ಲುವ ನಮ್ಮ ಕಡೆ ಆ ಆಟ ಸಲ್ಲದು, ಆದರೆ ನಡೆಯುವುದಕ್ಕೇನು ಅಡ್ಡಿ ಎಂದು ಅವಳು ಕೇಳಿದಳು. ನಡೆಯುವುದಾದರೆ ಆ ದಾರಿಯಲ್ಲೇ ನಡೆಯೋಣ, ಕೂಡಿದ ಹಣದಿಂದ ಯಂತ್ರವನ್ನೇ ಕೊಳ್ಳೋಣ ಎಂದದ್ದು ಚಿಗವ್ವ.

ಮನೆಯ ಹಿರಿಯರು ಸುಲಭವಾಗಿ ಒಪ್ಪಲಿಲ್ಲ. ಸತ್ತವರ ಹೆಸರು ಹೇಳಿ ಕೈಯೊಡ್ಡುವುದೆ ಎಂದು ದೊಡ್ಡಪ್ಪನವರು ಮುನಿದರು. ಆಗ ನಮ್ಮ ಅತ್ತೆಯವರು ನೆನಪಿಸಿದ್ದು ಜೋಳಿಗೆಯನ್ನು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರ ಸ್ಥಾಪಿಸಿ ಬೆಳೆಸಿದ್ದು ಭಿಕ್ಷೆಯಿಂದ. ಗದುಗಿನ ಪಂಚಾಕ್ಷರ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಆಶ್ರಮ ನಡೆಸಿದ್ದು ಊರೂರು ತಿರುಗಿ ಹಾಡಿ, ನಾಟಕವಾಡಿ, ಜನರು ಕೊಟ್ಟದ್ದರಿಂದ. ಇಳಕಲ್ಲಿನ ಮಹಾಂತ ಸ್ವಾಮಿಗಳಂತೂ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದ್ದು ಜನರ ದುಶ್ಚಟಗಳನ್ನು. ‘ತನಗಾಗಿ ಬೇಡಿದರ ನಾಚಿಕಿ, ಇದಕ್ಯಾತರ ನಾಚಿಕಿ?’ ಎಂದರು ಅತ್ತೆ. ದೊಡ್ಡಪ್ಪನವರು ಒಂದು ಷರತ್ತಿನ ಮೇಲೆ ಒಪ್ಪಿದರು: ಬ್ಯಾನರು ಬೇಡ, ಕೊಟ್ಟವರ ಪಟ್ಟಿ ಓದುವುದು ಬೇಡ. ಬೆಂಗಳೂರಿನ ಹುಡುಗರು ಎಲ್ಲರಿಗೂ ಫೋಟೋ ಅಚ್ಚು ಹಾಕಿಸಿದ ಬನಿಯನ್ನು ತರುವ ಆಲೋಚನೆಯಲ್ಲಿದ್ದರು, ಅದೂ ಬಿದ್ದುಹೋಯಿತು. ಒಳ್ಳೆಯದೇ ಆಯಿತೆಂದು ನಮ್ಮ ಭಾವನೆ. ಹಣಕ್ಕೆ ಚಿಕ್ಕಪ್ಪನವರು ಶಾಲೆಗೆ ಒಯ್ಯುತ್ತಿದ್ದ ಖಾದಿ ಕೈಚೀಲವನ್ನೇ ಜೋಳಿಗೆ ಮಾಡಿಕೊಂಡೆವು.

ಶನಿವಾರ ರಾತ್ರಿ ಟೆಂಪೋ ಗಾಡಿಯಲ್ಲಿ ಹೊರಟು, ಚಿಕ್ಕಮಗಳೂರಿನ ಮೇಲೆ ಚಾರ್ಮಾಡಿ ಘಾಟಿ ಇಳಿದು, ಉಜಿರೆ, ಗುರುವಾಯನಕೆರೆಗಳ ಮಾರ್ಗವಾಗಿ ಉಪ್ಪಿನಂಗಡಿ ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಕೂಡುವ ಸ್ಥಳವಿದು. ಸಂಗಮದ ದಡದಲ್ಲಿ ಸಹಸ್ರಲಿಂಗೇಶ್ವರ ದೇವಾಲಯವಿದೆ. ನದಿಯ ಒಡಲಿನ ಮರಳಿನಲ್ಲಿಯೇ ಒಂದು ಉದ್ಭವಲಿಂಗವಿದ್ದು, ನೀರು ಇಳಿದಾಗ ಮಾತ್ರ ಅಲ್ಲಿ ಪೂಜೆ ಸಲ್ಲುತ್ತದೆ. ನಾವು ಹೋದ ದಿನ ನೀರು ನಿಂತಿತ್ತು, ದಡದಿಂದಲೇ ಕೈಮುಗಿದೆವು. ವಿಭೂತಿ ಧರಿಸಿ, ಕಟ್ಟಿಕೊಂಡು ತಂದ ರೊಟ್ಟಿ ಬುತ್ತಿಯಲ್ಲಿ ಅರ್ಧವನ್ನು ಅಲ್ಲೇ ಮುಗಿಸಿ, ಬಿಸಿಲೇರುವ ಮುನ್ನವೇ ಕಡಬದ ರಸ್ತೆ ಹಿಡಿದೆವು.

ಬಯಲುಸೀಮೆಯ ಕಣ್ಣಿಗೆ ಈ ಸೀಮೆ ಊರೆಂದೇ ಕಾಣುವುದಿಲ್ಲ. ನಮ್ಮಲ್ಲಿ ಮನೆಗಳೆಲ್ಲ ಒತ್ತಾಗಿ ಕೂಡಿ, ಹೊಲಗಳು ಹೊರಗೆ ಹರಡಿರುತ್ತವೆ. ಇಲ್ಲಿ ಒಂದೊಂದು ಮನೆಯೂ ತನ್ನ ಅಡಿಕೆ ತೋಟದ ನಡುವೆ, ಗುಡ್ಡದ ಮಗ್ಗುಲಲ್ಲಿ ಒಂಟಿಯಾಗಿ ಕುಳಿತಿದೆ. ರಸ್ತೆಯಿಂದ ಕಾಣುವುದು ಒಂದು ಕಾಲುದಾರಿ, ಮುರಕಲ್ಲಿನ ನಾಲ್ಕು ಮೆಟ್ಟಿಲು, ನಾಯಿಯ ಬೊಗಳಿಕೆ. ಅಂಗಳಗಳಲ್ಲಿ ಅಡಿಕೆ ಒಣಗುತ್ತಿತ್ತು. ಗೇರು ಮರಗಳು ಹೂಬಿಟ್ಟಿದ್ದವು, ರಬ್ಬರು ಮರಗಳಲ್ಲಿ ಎಳೆಯ ಎಲೆ ಹೊಳೆಯುತ್ತಿತ್ತು. ಚಳಿಗಾಲವಿನ್ನೂ ಕಳೆಯಿತೋ ಇಲ್ಲವೋ, ಎಂಟು ಗಂಟೆಗೇ ಬೆವರು ಸುರಿಯತೊಡಗಿತು. ನಮ್ಮ ಮಕ್ಕಳು ಅಡಿಕೆ ಹಾಳೆಯ ಮೇಲೆ ಒಬ್ಬರನ್ನೊಬ್ಬರು ಕೂರಿಸಿ ಎಳೆದಾಡುತ್ತ ಹಿಂದೆ ಬಿದ್ದರು.

ಕೊಯಿಲದ ಹತ್ತಿರ ಒಂದು ಮನೆಯವರು ಕರೆದು ಜಗಲಿಯಲ್ಲಿ ಕೂರಿಸಿದರು. ಈ ಕಡೆಯ ಪದ್ಧತಿಯಂತೆ ಮೊದಲು ಬೆಲ್ಲ, ನೀರು. ಆಮೇಲೆ ಪುನರ್ಪುಳಿಯ ಶರಬತ್ತು. ‘ನಡ್ಕೊಂಡು ಎಲ್ಲಿಗೆ ಹೋಗುದು? ಹರಕೆಯಾ?’ ಎಂದು ಮನೆಯಾಕೆ ಕೇಳಿದರು. ‘ಹರಕಿ ಅಲ್ಲರಿ ತಾಯಿ, ಇವರ ನೆನಪಿಗೆ’ ಎಂದು ಚಿಗವ್ವ ಚೀಲದೊಳಗಿಂದ ಫೋಟೋ ತೆಗೆದು ತೋರಿಸಿ, ನಾಲ್ಕು ಮಾತಿನಲ್ಲಿ ರೋಗದ ಕಥೆ ಹೇಳಿದರು. ಆ ತಾಯಿ ಎದ್ದು ಒಳಗೆ ಹೋಗಿ ಬಾಗಿಲ ಪರದೆ ಸರಿಸಿದರು. ಒಳಗೆ ಮಂಚದ ಮೇಲೆ ತರುಣನೊಬ್ಬ ಮಲಗಿದ್ದ. ‘ಇವನಿಗೆ ಇಪ್ಪತ್ತೆಂಟು. ಒಮ್ಮೆಯೂ ನಡೆದವನಲ್ಲ’ ಎಂದರು.

ಈ ಸೀಮೆಯ ದುಃಖವೊಂದನ್ನು ಇಲ್ಲಿ ಹೇಳಬೇಕು. 1980ರ ದಶಕದಿಂದ ವರ್ಷಗಟ್ಟಲೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಕೇರಳದ ಕಾಸರಗೋಡಿನಂತೆಯೇ ಈ ಜಿಲ್ಲೆಯಲ್ಲೂ ತೋಟಗಳ ಸುತ್ತಲ ಹಳ್ಳಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯಗಳಿಂದ ನರಳುವ ಮಕ್ಕಳು ಕಂಡುಬಂದರು. 2011ರಲ್ಲಿ ರಾಜ್ಯ ಸರಕಾರವೂ ಸರ್ವೋಚ್ಚ ನ್ಯಾಯಾಲಯವೂ ಆ ವಿಷವನ್ನು ನಿಷೇಧಿಸಿದವು. ಪೀಡಿತರಿಗೆ ಮಾಸಾಶನ ಬಂತು, ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲುಪಾಲನಾ ಕೇಂದ್ರಗಳು ತೆರೆದವು. ಅದು ಬೇರೆಯ ಸಂಕಟ, ಚಿಕ್ಕಪ್ಪನವರ ರೋಗಕ್ಕೂ ಅದಕ್ಕೂ ನಂಟು ಕಟ್ಟುವುದು ಸರಿಯಲ್ಲ. ಆದರೆ ಮಗ್ಗುಲು ಹೊರಳಿಸುವ ಕೈಗಳ ನೋವು ಎರಡು ಮನೆಗಳಲ್ಲೂ ಒಂದೇ. ಆ ತಾಯಿಯೂ ಚಿಗವ್ವನೂ ಬೆನ್ನುಹುಣ್ಣಿನ ಬಗ್ಗೆ, ಗಾಳಿಹಾಸಿಗೆಯ ಬಗ್ಗೆ, ನುಣ್ಣಗೆ ಕಲಸಿದ ಅನ್ನವನ್ನು ಯಾವ ಭಂಗಿಯಲ್ಲಿ ತಿನ್ನಿಸಿದರೆ ಕೆಮ್ಮು ಬರುವುದಿಲ್ಲ ಎಂಬುದರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾವೆಲ್ಲ ಸುಮ್ಮನೆ ಕುಳಿತಿದ್ದೆವು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರ್ತಿ ತಿಳಿಯುತ್ತಿತ್ತೆಂದು ಹೇಳಲಾರೆವು. ಹೊರಡುವಾಗ ಆಕೆ ಜೋಳಿಗೆಯಲ್ಲಿ ಹತ್ತು ರೂಪಾಯಿ ಹಾಕಿದರು. ಬೇಡವೆಂದರೆ, ‘ಇರಲಿ, ನಡೆಯದವರ ಲೆಕ್ಕದ್ದು’ ಎಂದು, ರಸ್ತೆಯ ತಿರುವಿನವರೆಗೆ ನಮ್ಮ ಜೊತೆ ನಡೆದು ಬಂದು ಹಿಂದಿರುಗಿದರು.

ಆತೂರು ದಾಟಿದ ಮೇಲೆ ಚಿಗವ್ವ ಮುಂದೆ, ನಾವು ಹಿಂದೆ. ಅವರಿಗೆ ಎಲ್ಲ ತಿರುವುಗಳೂ ಗೊತ್ತು. ಬಸ್ಸು ತಪ್ಪಿದ ದಿನ ಚಿಕ್ಕಪ್ಪನವರು ಇದೇ ದಾರಿಯಲ್ಲಿ ಕೊಡೆ ಹಿಡಿದು ನಡೆದದ್ದು, ಆಷಾಢದಲ್ಲಿ ತೋಡು ಉಕ್ಕಿ ಅಡಿಕೆ ಮರದ ಸಂಕ ಕೊಚ್ಚಿಹೋದಾಗ ಆಚೆ ದಡದ ಮಕ್ಕಳನ್ನು ಮನೆ ಸೇರಿಸಲು ಸುತ್ತುಹಾದಿ ಹಿಡಿದದ್ದು, ಎಲ್ಲವನ್ನೂ ಹೇಳುತ್ತ ನಡೆದರು. ಈಗ ಆ ತೋಡಿಗೆ ಸಿಮೆಂಟಿನ ಸೇತುವೆ ಬಂದಿದೆ.

ಶಾಲೆಗೆ ರಜೆ. ಆದರೂ ಹೊರಗಿನ ಮರದಡಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಕಾದಿದ್ದರು. ನಲವತ್ತು ದಾಟಿದ ಶಿಷ್ಯರು: ರಬ್ಬರು ಹಾಲು ತೆಗೆಯುವವರು, ಜೀಪು ಓಡಿಸುವವರು, ಒಬ್ಬರು ಬ್ಯಾಂಕಿನವರು, ಇಬ್ಬರು ಸ್ವತಃ ಶಿಕ್ಷಕಿಯರು. ‘ಎಂಚ ಉಲ್ಲರ್?’ ಎಂದು ಚಿಗವ್ವನ ಕೈ ಹಿಡಿದವರಿಗೆ ಅವರು ತುಳುವಿನಲ್ಲೇ ಉತ್ತರಿಸಿದಾಗ ನಾವೆಲ್ಲ ಬೆರಗಾದೆವು. ಇಪ್ಪತ್ತು ವರ್ಷ ಅವರ ಬಾಯಲ್ಲಿ ಆ ಭಾಷೆಯನ್ನು ನಾವು ಕೇಳಿರಲಿಲ್ಲ. ಜೀಪಿನವರು ಅಂಗೈ ಚಾಚಿ, ‘ಮಾಷ್ಟ್ರ ಕೈಯ ಪೆಟ್ಟು ಎಷ್ಟು ತಿಂದದ್ದೋ ಲೆಕ್ಕ ಇಲ್ಲ’ ಎಂದು ನಕ್ಕರು. ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ‘ಆ ಕೈನ ಮೊದಲು ಹೋತು’ ಎಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಊಟಕ್ಕೆ ಅವರ ಕಡುಬು, ನಮ್ಮ ಉಳಿದ ರೊಟ್ಟಿ, ಶೇಂಗಾ ಚಟ್ನಿ. ಜೋಳಿಗೆ ಸುತ್ತು ಬಂತು, ಯಾರು ಎಷ್ಟು ಹಾಕಿದರೆಂದು ನೋಡಲಿಲ್ಲ. ಊರಿನಿಂದ, ಬೆಂಗಳೂರಿನಿಂದ, ಅಮೆರಿಕದಿಂದ ಬಂದದ್ದನ್ನೂ ಕೂಡಿಸಿದಾಗ ಹೊಸದೊಂದು ಬೈಪ್ಯಾಪ್, ಕಫ ಹೀರುವ ಒಂದು ಯಂತ್ರ, ಎರಡು ಗಾಳಿಹಾಸಿಗೆ ಕೊಳ್ಳುವಷ್ಟಾಯಿತು. ಗಾಳಿಹಾಸಿಗೆಗಳಲ್ಲಿ ಒಂದು ಕೊಯಿಲದ ಆ ಮನೆಗೆ ಹೋಯಿತು. ಚಿಕ್ಕಪ್ಪನವರ ಹಳೆಯ ಯಂತ್ರವನ್ನೂ ದುರಸ್ತಿ ಮಾಡಿಸಿದೆವು. ಈಗ ಎರಡು ಯಂತ್ರಗಳು ಮನೆಯಿಂದ ಮನೆಗೆ ತಿರುಗುತ್ತಿವೆ. ಒಯ್ಯುವವರಿಗೆ ನಾವು ಹೇಳುವುದು ಮೂರೇ ಮಾತು. ಮುಖವಾಡವನ್ನು ಪ್ರತಿ ರೋಗಿಗೂ ಹೊಸದಾಗಿ ಕೊಳ್ಳಬೇಕು. ಗಾಳಿಯ ಒತ್ತಡವನ್ನು ವೈದ್ಯರೇ ಗೊತ್ತುಮಾಡಬೇಕು, ನೆರೆಹೊರೆಯವರು ತಿರುಗಿಸಕೂಡದು. ಬೆಳಗಿನ ತಲೆನೋವು, ಹಗಲು ತೂಕಡಿಕೆ ಕಂಡಕೂಡಲೇ ವೈದ್ಯರನ್ನು ಕೇಳಬೇಕು, ನಮ್ಮಂತೆ ಕಾಯಬಾರದು.

ಹಳೆಯ ಯಂತ್ರ ಮೊದಲು ಹೋದದ್ದು ಹಿರೇಕೆರೂರು ಕಡೆಯ ಒಬ್ಬ ರೈತರ ಮನೆಗೆ. ಎಂಟು ತಿಂಗಳ ಮೇಲೆ ಅವರ ಮಗ ಅದನ್ನು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ತಂದಿಟ್ಟು, ಚಹಾ ಕುಡಿಯದೆ ಹೋದ. ಹೊಸದನ್ನು ಸುಳ್ಯದ ಹತ್ತಿರದ ಶಿಕ್ಷಕಿಯೊಬ್ಬರಿಗಾಗಿ ರಾಮಕುಂಜದ ಆ ಜೀಪಿನವರೇ ಬಂದು ಒಯ್ದರು. ಅದಿನ್ನೂ ಅಲ್ಲಿಯೇ ಇದೆ. ಆಕೆಯ ಮಗಳಿಗೆ ವರ್ಣಮಾಲೆಯ ರಟ್ಟು ಬರೆಯುವ ಕ್ರಮವನ್ನು ನಮ್ಮ ಹುಡುಗಿ ದೂರವಾಣಿಯಲ್ಲಿ ಹೇಳಿಕೊಟ್ಟಳು. ಈ ಸಲ ಸ್ವರಚಿಹ್ನೆಗಳಿಗೂ ಒಂದು ಸಾಲು ಸೇರಿಸಿದ್ದಾರೆ.